ಸ್ಯಾಮ್ಯುಯಲ್ ಡೋಕ್: ಅರಣ್ಯಸೀಮೆಯ ವಿದ್ಯಾಗುರು

ಅಮೆರಿಕದ ಟೆನೆಸೀ ಪ್ರಾಂತದ ಇತಿಹಾಸದಲ್ಲಿ ಪ್ರೆಸ್ಬಿಟೇರಿಯನ್ ಮತೋಪದೇಶಕನಾದ ಸ್ಯಾಮ್ಯುಯಲ್ ಡೋಕನ ಹೆಸರು ಒಂದು ಯುದ್ಧಪ್ರಸಂಗದಿಂದ ಪ್ರಸಿದ್ಧವಾಗಿದೆ. ಬ್ರಿಟಿಷ್ ಪಕ್ಷದ ಸೇನಾನಿಯಾದ ಫರ್ಗ್ಯುಸನ್ನನನ್ನು ಇದಿರಿಸಲು 1780ನೆಯ ಸೆಪ್ಟೆಂಬರ್ 26ರಂದು ವಟಾಗಾ ನದೀತೀರದಿಂದ ಹೊರಟ ಗಡಿನಾಡಿನ ಯೋಧರನ್ನು ಈತನು ಬೈಬಲ್ಲಿನ ಗಿಡಿಯೋನನ ಖಡ್ಗವನ್ನು ಸ್ಮರಿಸಿ ಹರಸಿದನೆಂದು ಪ್ರತೀತಿ. ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ನಿನಲ್ಲಿ ಅವರಿಗೆ ಜಯವು ದೊರೆಯಿತು. ಆದರೆ ಆ ಒಂದು ಉಪದೇಶದಿಂದಲೇ ಈತನ ಯೋಗ್ಯತೆಯನ್ನು ಅಳೆಯುವುದು ಯುಕ್ತವಲ್ಲ. ಈತನ ಜೀವಮಾನದ ಸಾಧನವು ಖಡ್ಗವಲ್ಲ, ಗ್ರಂಥ.

ಡೋಕನು 1749ರಲ್ಲಿ ವರ್ಜೀನಿಯದಲ್ಲಿ ಜನಿಸಿ, 1775ರಲ್ಲಿ ಪ್ರಿನ್ಸ್‌ಟನ್ನಿನ ವಿದ್ಯಾಪೀಠದಿಂದ ಪದವಿಯನ್ನು ಪಡೆದನು. ಅಲ್ಲಿಯ ಅಧ್ಯಕ್ಷನಾದ ವಿದರ್‌ಸ್ಪೂನನಲ್ಲಿ ಈತನಿಗಿದ್ದ ಗುರುಭಕ್ತಿಯು ಮಗನಿಗಿಟ್ಟ ಸ್ಯಾಮ್ಯುಯಲ್ ವಿದರ್‌ಸ್ಪೂನ್ ಎಂಬ ಹೆಸರಿನಲ್ಲಿ ಉಳಿದಿದೆ. ತರುವಾಯ ಪುಸ್ತಕಗಳನ್ನು ಕುದುರೆಯ ಮೇಲೆ ಹೇರಿ, ತಾನು ಕಾಲ್ನಡೆಯಿಂದ ಆಪಲೇಚಿಯನ್ ಪರ್ವತಶ್ರೇಣಿಯನ್ನು ದಾಟಿದನೆಂದು ಹೇಳುತ್ತಾರೆ.

ಪರ್ವತದ ಪಶ್ಚಿಮದಲ್ಲಿದ್ದ ಆ ಭೂಮಿಯು ಚೆರೊಕೀ ಜನರದು. ವಲಸೆಗಾರರ ನೆಲೆಗಳು ಆಗತಾನೆ ಅಲ್ಲಿ ಬೇರೂರುತ್ತಿದ್ದವು. ಅಲ್ಲಿ ಡೋಕನು ಮರದ ದಿಮ್ಮಿಗಳ ಪಾಠಶಾಲೆಯೊಂದನ್ನು ನಡೆಸಿದನು. 1783ರಲ್ಲಿ ಉತ್ತರ ಕ್ಯಾರೊಲೈನದ ಸರಕಾರವು ಅದನ್ನು ಮಾರ್ಟಿನ್ ಅಕಾಡೆಮಿ ಎಂಬ ಹೆಸರಿನಿಂದ ಅಂಗೀಕರಿಸಿತು. 1784ರಲ್ಲಿ ಅಲ್ಲಿಯ ನಿವಾಸಿಗಳು ಫ್ರಾಂಕ್ಲಿನ್ ಎಂಬ ಪ್ರತ್ಯೇಕ ರಾಜ್ಯವನ್ನು ಘೋಷಿಸಿದರು. ಅದು ಕೆಲವೇ ವರ್ಷಗಳಲ್ಲಿ ಅಳಿಯಿತು. 1790ರಲ್ಲಿ ಆ ಪ್ರದೇಶವು ಸಂಯುಕ್ತ ಸಂಸ್ಥಾನಗಳ ನೇರ ಆಳಿಕೆಗೆ ಸೇರಿತು. 1796ರಲ್ಲಿ ಟೆನೆಸೀ ರಾಜ್ಯವಾಯಿತು. ಪ್ರಭುತ್ವಗಳು ಹೀಗೆ ಬದಲಾಗುತ್ತಿದ್ದರೂ ಪಾಠವು ನಿಲ್ಲಲಿಲ್ಲ. ರಾಜ್ಯವು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ, 1795ರಲ್ಲಿ, ಆ ಶಾಲೆಯು ವಾಷಿಂಗ್ಟನ್ ಕಾಲೇಜಾಯಿತು. ಕಾಡಿನಂಚಿನ ರೈತರ ಮಕ್ಕಳು ಅಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತರು.

ಈತನ ಚರಿತ್ರೆಯಲ್ಲಿ ಮರೆಮಾಚಲಾಗದ ಅಂಶವೊಂದುಂಟು. ಸ್ವಾತಂತ್ರ್ಯಕ್ಕಾಗಿ ಯೋಧರನ್ನು ಹರಸಿದ ಡೋಕನೇ ಗುಲಾಮರ ಒಡೆಯನೂ ಆಗಿದ್ದನು. 1818ರಲ್ಲಿ ಅವರನ್ನು ಬಿಡುಗಡೆ ಮಾಡಿದನು. ಈತನ ಶಿಷ್ಯನಾದ ಜಾನ್ ರ್‍ಯಾಂಕಿನನು ಮುಂದೆ ಒಹಾಯೊ ನದಿಯ ದಡದ ರಿಪ್ಲೆಯಲ್ಲಿ ನೆಲಸಿ, ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಶ್ರಯವಿತ್ತನು. ಗುರುವಿನಲ್ಲಿ ತಡವಾಗಿ ಪಕ್ವವಾದ ವಿವೇಕವು ಶಿಷ್ಯನಲ್ಲಿ ಜೀವನವ್ರತವಾಯಿತೆನ್ನಬಹುದು.

ಅದೇ 1818ರಲ್ಲಿ ಡೋಕನು ಕಾಲೇಜನ್ನು ಬಿಟ್ಟು, ಗ್ರೀನ್‌ವಿಲ್ಲಿನ ಬಳಿ ಮಗನೊಡನೆ ಟಸ್ಕ್ಯುಲಂ ಎಂಬ ವಿದ್ಯಾಶಾಲೆಯನ್ನು ಕಟ್ಟಿದನು. ಪ್ರಾಚೀನ ರೋಮಿನಲ್ಲಿ ಸಿಸೆರೋವಿನ ವಿಹಾರಗೃಹವಿದ್ದ ಊರಿನ ಹೆಸರದು; ಆಯ್ದವನ ವಿದ್ಯಾಭಿರುಚಿಗೆ ಬೇರೆ ಪ್ರಮಾಣವು ಬೇಡ. 1830ರ ಡಿಸೆಂಬರ್ 12ರಂದು ಈತನು ಕಾಲವಾದನು. ಟಸ್ಕ್ಯುಲಂ ಇಂದು ವಿಶ್ವವಿದ್ಯಾನಿಲಯವಾಗಿದೆ. ಯುದ್ಧೋಪದೇಶವು ಒಂದು ದಿನದ ಕಾರ್ಯ. ಈತನು ಪಾಠ ಹೇಳಿದುದು ಸುಮಾರು 50 ವರ್ಷ. ಚರಿತ್ರಕಾರರು ಎರಡನ್ನೂ ತೂಗುವಾಗ ಈ ಅಂತರವನ್ನು ಮರೆಯಬಾರದು.