ಸೆಮಿಸ್ಟರ್ ಅಂದ್ರೆ ಆರು ತಿಂಗಳಾ?

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ಒಬ್ಬ ತಾಯಿ ನನ್ನನ್ನು ತಡೆದು ಕೇಳಿದ್ರು. "ಮಗ ಡಿಗ್ರಿಗೆ ಸೇರಿ ನಾಕ್ ತಿಂಗ್ಳಾಯ್ತು, ಆಗ್ಲೇ ಪರೀಕ್ಸೆ ಅಂತಾನೆ. ಇಷ್ಟ್ ಬೇಗ ವರ್ಸ ಮುಗ್ದೋಯ್ತಾ ಸಾ?"

ನಗಬೇಡಿ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೇ ಮೊದಲು. ಪಿಯುಸಿ ತನಕ ವರ್ಷಕ್ಕೊಂದು ದೊಡ್ಡ ಪರೀಕ್ಷೆ, ಕೊನೇ ಎರಡು ತಿಂಗಳು ಓದಿದ್ರೆ ದಡ ಸೇರ್ತೀವಿ ಅನ್ನೋ ಲೆಕ್ಕಾಚಾರ. ಸೆಮಿಸ್ಟರ್‌ನಲ್ಲಿ ಅದು ನಡೆಯಲ್ಲ. ಇಂಜಿನಿಯರಿಂಗ್‌ನಲ್ಲಿ ನಾನೂ ಮೊದಲ ಸೆಮ್‌ನಲ್ಲೇ ಬ್ಯಾಕ್‌ಲಾಗ್ ಹೊತ್ತವನು.

ಈ ಪದ ಲ್ಯಾಟಿನ್‌ನದು. ಸೆಕ್ಸ್ ಅಂದ್ರೆ ಆರು, ಮೆನ್ಸಿಸ್ ಅಂದ್ರೆ ತಿಂಗಳು. ನಮ್ಮ ಷಾಣ್ಮಾಸಿಕದ ಷಟ್, ಮಾಸ ಕೂಡ ಅದೇ ಬೇರಿನವು, ಅಣ್ಣತಮ್ಮಂದಿರು ಅನ್ನಿ. ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಲೋಕವೆಲ್ಲ ಸುತ್ತಿತು. ಹೆಸರಲ್ಲಿ ಆರು ತಿಂಗಳಿದ್ರೂ ಪಾಠ ನಡೆಯೋದು ಸುಮಾರು 16 ವಾರ, ಅಷ್ಟೇ!

'ಟರ್ಮ್' ಬೇರೆ ಮಾತು. ಅದರ ಮೂಲಾರ್ಥ ಗಡಿ, ಎಲ್ಲೆ. ಎಷ್ಟು ತಿಂಗಳು ಅಂತ ಅದು ಹೇಳೋದೇ ಇಲ್ಲ. ಆಕ್ಸ್‌ಫರ್ಡ್‌ನ ಮೊದಲ ಟರ್ಮಿಗೆ ಮೈಕಲ್ ಸಂತನ ಹಬ್ಬದ ಹೆಸರು. ನಮ್ಮ ಶಾಲೆಗಳಲ್ಲಿ ಮೊದಲ ಅವಧಿಯ ಗಡಿಕಲ್ಲು ದಸರಾ. ಎರಡು ಕಡೆಯೂ ಹಬ್ಬವೇ ಯಜಮಾನ ನೋಡಿ.

ಗಡಿ ಅಂದಾಗ ಈ ಊರಿನ ಕಥೆ ನೆನಪಾಗುತ್ತೆ. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿಗೆ ಸೇರಿದ್ದು. ಕೊಳ್ಳೇಗಾಲ ಮಾತ್ರ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಅಂದ್ರೆ ಶಾಲಾ ವರ್ಷದ ಮಧ್ಯದಲ್ಲಿ! ಒಂದೇ ತರಗತಿಯಲ್ಲಿ ಕೂತ ಮಕ್ಕಳಿಗೆ ವರ್ಷದ ಶುರು ಒಂದು ರಾಜ್ಯದಲ್ಲಿ, ಕೊನೆ ಇನ್ನೊಂದರಲ್ಲಿ.

ಹನೂರಿನ ಆಚೆ ತಮಿಳುನಾಡಿನ ಮಕ್ಕಳು ಇವತ್ತಿಗೂ 'ಕಾಲಾಂಡು', 'ಅರೈಯಾಂಡು' ಅಂತಾರೆ: ಕಾಲು ವರ್ಷ, ಅರೆ ವರ್ಷ. ಕೇಳಿದ ತಕ್ಷಣ ಅರ್ಥವಾಗುವ ಪದಗಳು. 2012-13ರಲ್ಲಿ ಅಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಟ್ರೈಮೆಸ್ಟರ್ ತಂದು, ಪುಸ್ತಕಗಳನ್ನೂ ಮೂರು ಭಾಗ ಮಾಡಿ ಚೀಲದ ಭಾರ ಇಳಿಸಿದರು. ನಮ್ಮಲ್ಲಿ ಭಾಗ 1, ಭಾಗ 2 ಬಂತು. ಪರೀಕ್ಷೆಗಳಿಗೆ ಮಾತ್ರ 'ರೂಪಣಾತ್ಮಕ', 'ಸಂಕಲನಾತ್ಮಕ' ಅಂತ ಹೆಸರಿಟ್ಟರು. ಇದನ್ನು ಯಾವ ತಾಯಿಗೆ ಅರ್ಥವಾಗಲಿ ಅಂತ ಇಟ್ಟರೋ!

ಆ ತಾಯಿಗೆ ನಾನು ಹೇಳಿದೆ: "ವರ್ಷ ಮುಗಿದಿಲ್ಲಮ್ಮಾ, ಅರ್ಧ ಮುಗೀತು. ಈಗ ಬರೆಯೋದೂ ಲೆಕ್ಕಕ್ಕೆ ಬರುತ್ತೆ, ಇವತ್ತೇ ಓದೋಕೆ ಹೇಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಹಂಗಾರೆ ಪರೀಕ್ಸೆ ಫೀಜೂ ವರ್ಸಕ್ಕೆ ಎಲ್ಡ್ ಸಲ ಕಟ್ಬೇಕಾ ಸಾ?"

ಹೌದು ಅಂದೆ.