ಕಾಫಿ ಸೀಮೆಯ ಕಾರುಗಳೂ ಬಿಸಿಗಾಳಿಯ ಕೊಳವೆಯೂ

ಕಾಫಿ ಸೀಮೆಯ ಇತಿಹಾಸವನ್ನು ಬರೆಯುವವರು ಬಾಬಾಬುಡನ್ ತಂದರೆಂಬ ಏಳು ಬೀಜಗಳ ಪ್ರತೀತಿಯಿಂದ ಆರಂಭಿಸಿ, ಆಂಗ್ಲ ತೋಟಗಾರರನ್ನು ಹಾದು, ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ಬಂದು ನಿಲ್ಲುವುದು ವಾಡಿಕೆ. ಆ ತೋಟಗಳನ್ನು ಪೇಟೆಗೆ ಜೋಡಿಸಿದ ವಾಹನಗಳ ಚರಿತ್ರೆಯನ್ನು ಯಾರೂ ಅಷ್ಟಾಗಿ ಬರೆದಂತಿಲ್ಲ. ನನ್ನ ಶಿಷ್ಯರಲ್ಲಿ ಅನೇಕರು ತೋಟದ ಮನೆಗಳಿಂದ ಜೀಪಿನಲ್ಲಿ ಕುಳಿತು ಶಾಲೆಗೆ ಬಂದವರು. ಆ ಜೀಪು, ಕಾರುಗಳ ಬಾನೆಟ್ಟಿನ ಕೆಳಗಿದ್ದ ಒಂದು ಸಣ್ಣ ಅಂಗದ ಕಥೆಯನ್ನು ಈ ಬಾರಿ ಬರೆಯುತ್ತಿದ್ದೇನೆ. ಅದು ಇಂಜಿನ್ನಿಗೆ ಬಿಸಿಗಾಳಿಯನ್ನು ಒಯ್ಯುತ್ತಿದ್ದ ಕೊಳವೆ. ‘ಇದು ಶೀತದೇಶದವರಿಗೆ, ನಮಗೇಕೆ?’ ಎಂದು ಬಹುಮಂದಿ ಅದನ್ನು ಕಿತ್ತು ಎಸೆದರು. ಆದರೆ ಇಡೀ ಕರ್ನಾಟಕದಲ್ಲಿ ಅದು ನಿಜವಾಗಿ ಬೇಕಾಗಿದ್ದ ಸ್ಥಳವೆಂದರೆ ನಮ್ಮ ಮಲೆನಾಡೇ ಎಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಅರಿಯಲು ಹಳೆಯ ಪಾಠವೊಂದನ್ನು ನೆನಪಿಸಿಕೊಳ್ಳಬೇಕು. ಅಂಗೈಯ ಮೇಲೆ ಸ್ಪಿರಿಟ್ ಸುರಿದರೆ ತಣ್ಣಗಾಗುವುದೇಕೆ ಎಂದು ತರಗತಿಯಲ್ಲಿ ಕೇಳುತ್ತಿದ್ದೆನಲ್ಲವೇ? ದ್ರವವು ಆವಿಯಾಗಲು ಶಾಖ ಬೇಕು. ಅದನ್ನು ಅದು ಸುತ್ತಲಿನಿಂದ ಕಸಿದುಕೊಳ್ಳುತ್ತದೆ. ಕಾರ್ಬ್ಯುರೇಟರಿನ ಇಕ್ಕಟ್ಟಾದ ಕಂಠದಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಪೆಟ್ರೋಲು ತುಂತುರಾಗಿ ಸಿಡಿದು ಆವಿಯಾಗುತ್ತದೆ, ಒತ್ತಡವೂ ಇಳಿಯುತ್ತದೆ. ಇವೆರಡೂ ಸೇರಿ ಅಲ್ಲಿನ ಉಷ್ಣತೆ ೨೦ ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ಕುಸಿಯಬಹುದು. ಬಯಲುಸೀಮೆಯ ೩೫ ಡಿಗ್ರಿಯ ಒಣ ಗಾಳಿಯಲ್ಲಿ ಇದರಿಂದ ಯಾವ ಕೇಡೂ ಇಲ್ಲ. ಆದರೆ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಕೊಟ್ಟಿಗೆಹಾರದಲ್ಲಿಯೋ ಕಳಸದಲ್ಲಿಯೋ ಗಾಳಿ ಹೇಗಿರುತ್ತದೆ? ಉಷ್ಣತೆ ಸುಮಾರು ೨೦ ಡಿಗ್ರಿ, ತೇವ ಮಾತ್ರ ತುಂಬಿ ತುಳುಕುವಷ್ಟು. ಆ ತೇವವೇ ಕಂಠದಲ್ಲಿ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಹೊರಗೆ ಚಳಿಯೇ ಇಲ್ಲದಿದ್ದರೂ ಒಳಗೆ ಹಿಮ! ಇನ್ನೂ ಶೈತ್ಯವುಳ್ಳ ದೇಶಗಳ ಒಣ ಗಾಳಿಯಲ್ಲಿ ಹೀಗಾಗುವ ಸಂಭವ ಕಡಿಮೆ, ಏಕೆಂದರೆ ಹೆಪ್ಪುಗಟ್ಟಲು ಅಲ್ಲಿ ನೀರೇ ಇರುವುದಿಲ್ಲ. ಕೇಡಿಗೆ ಮೂಲ ಚಳಿಯಲ್ಲ, ತೇವ.

ಇದಕ್ಕೆ ಪರಿಹಾರವಂತೂ ಹಳೆಯದು. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿಯೇ, ಹೊಗೆ ಹೊರಡುವ ಬೀಡುಕಬ್ಬಿಣದ ಕವಲು ಕೊಳವೆಯ, ಅಂದರೆ ನಮ್ಮ ಮೆಕ್ಯಾನಿಕರು ಹೇಳುವ ಮ್ಯಾನಿಫೋಲ್ಡಿನ ಪಕ್ಕದಿಂದ ಬೆಚ್ಚನೆಯ ಗಾಳಿಯನ್ನು ಕಾರ್ಬ್ಯುರೇಟರಿಗೆ ಒಯ್ಯುವ ಕೊಳವೆಯಿತ್ತು.

ನಮ್ಮ ಸೀಮೆಯಲ್ಲಿ ಹಿರಿಯರ ಅನುಭವವು ಇದಕ್ಕೆ ವಿರುದ್ಧವಾದುದರಿಂದ ಆರಂಭವಾಯಿತೆನ್ನಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆಗಳು ಏರಿದುವು. ಆ ಇದ್ದಿಲ ಅನಿಲವು ಒಲೆಯಿಂದ ಕುದಿಯುವಂತೆ ಬರುತ್ತಿತ್ತು. ಇಂಜಿನ್ನಿಗೆ ಸೇರುವ ಮೊದಲು ಅದನ್ನು ಶೋಧಿಸಿ ತಣಿಸಲೇಬೇಕಾಗಿತ್ತು. ಚಾರ್ಲ್ಸನ ನಿಯಮ ನೆನಪಿದೆಯೇ? ಬಿಸಿಯಾದ ಅನಿಲ ಹಿಗ್ಗುತ್ತದೆ, ಅದೇ ಸಿಲಿಂಡರಿನಲ್ಲಿ ಹಿಡಿಸುವ ತೂಕ ಕಡಿಮೆ, ಶಕ್ತಿಯೂ ಕಡಿಮೆ. ಆ ಬಸ್ಸುಗಳು ಏರಿನಲ್ಲಿ ನಿಂತುಬಿಡುತ್ತಿದ್ದುದನ್ನೂ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದನ್ನೂ ನಮ್ಮ ತಂದೆಯವರು ನಗುನಗುತ್ತ ವರ್ಣಿಸುತ್ತಿದ್ದರು. ‘ಇಂಜಿನ್ನಿಗೆ ತಣ್ಣನೆಯ ಗಾಳಿಯೇ ಹಿತ’ ಎಂಬ ನಂಬಿಕೆ ಘಟ್ಟದ ಚಾಲಕರಲ್ಲಿ ಬೇರೂರಲು ಆ ಕಾಲವೂ ಒಂದು ಕಾರಣವಿರಬಹುದು.

ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ವಿಲ್ಲೀಸ್ ಜೀಪುಗಳೂ, ೧೯೪೦ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿಯು ಜೋಡಿಸಿದ ಜೀಪುಗಳೂ ತೋಟಗಳಿಗೆ ಬಂದುವು. ಯುದ್ಧಕಾಲದ ಜೀಪಿನ ಮ್ಯಾನಿಫೋಲ್ಡಿನೊಳಗೆ ಒಂದು ಚಿಕ್ಕ ಬಾಗಿಲಿತ್ತು. ಅದಕ್ಕೊಂದು ಸುರುಳಿ ಸ್ಪ್ರಿಂಗು, ಒಂದು ಭಾರದ ತುಂಡು. ಇಂಜಿನ್ನು ತಣ್ಣಗಿದ್ದಾಗ ಬಿಸಿ ಹೊಗೆಯನ್ನು ಗಾಳಿ ಹೋಗುವ ಕೊಳವೆಯ ಅಡಿಗೆ ತಿರುಗಿಸಿ, ಕಾದ ಮೇಲೆ ತಾನಾಗಿಯೇ ಬಿಡಿಸುವ ಜಾಣ ಏರ್ಪಾಡು. ಆದರೆ ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮೂಡಿಗೆರೆಯಲ್ಲಿ ಬೀಡುಕಬ್ಬಿಣದ ಬಾಗಿಲಿನ ಗತಿಯೇನು? ತುಕ್ಕು ಹಿಡಿದು ಎಲ್ಲಿತ್ತೋ ಅಲ್ಲಿಯೇ ಕಚ್ಚಿಕೊಳ್ಳುತ್ತಿತ್ತು. ತೆರೆದು ಕಚ್ಚಿದರೆ ಮಳೆಗಾಲದಲ್ಲಿ ಶಾಖವಿಲ್ಲ. ಮುಚ್ಚಿ ಕಚ್ಚಿದರೆ ಹೂಮಳೆಯ ತಿಂಗಳ ಬಿಸಿಲಿನಲ್ಲಿ ಉಬ್ಬಸ. ಬೇಸರಗೊಂಡು ಅದನ್ನು ತಂತಿಯಿಂದ ಬಿಗಿದು ಕಟ್ಟಿದ ಜೀಪುಗಳನ್ನು ನಾನು ನೋಡಿದ್ದೇನೆ.

ಬಳಿಕ ಅಂಬಾಸಡರ್ ಮತ್ತು ಫಿಯಟ್ ಕಾರುಗಳ ಯುಗ. ಮೂಡಿಗೆರೆಯಲ್ಲಿ ಒಬ್ಬ ಮೆಕ್ಯಾನಿಕರಿದ್ದರು. ಏಳನೆಯ ತರಗತಿ ದಾಟದವರು. ಹೆಸರು ಹೇಳಲಾರೆ, ಅವರ ಮಕ್ಕಳು ಈ ಪುಟವನ್ನು ಓದುವವರು. ಎಂಬತ್ತರ ದಶಕದಲ್ಲಿ ಜಡಿಮಳೆಯ ದಿನಗಳಲ್ಲಿ ಅವರ ಷೆಡ್ಡಿಗೆ ಬರುತ್ತಿದ್ದ ದೂರು ಒಂದೇ ಬಗೆಯದು: ‘ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಯಿತು, ಐದಾರು ಮೈಲಿ ಓಡಿತು, ಚಾರ್ಮಾಡಿ ಇಳಿಯುವಾಗ ಉಸಿರು ಕಟ್ಟಿ ನಿಂತಿತು. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗದಂತೆ ಹೊರಟಿತು.’ ಬೇರೆಯವರು ಪೆಟ್ರೋಲಿನಲ್ಲಿ ನೀರಿದೆ ಎನ್ನುವರು, ಕಾರ್ಬ್ಯುರೇಟರನ್ನು ಬಿಚ್ಚಿ ಊದುವರು, ಏನೂ ಸಿಕ್ಕದು. ಸಿಕ್ಕುವುದಾದರೂ ಹೇಗೆ? ನಿಂತ ಇಂಜಿನ್ನಿನ ಶಾಖಕ್ಕೆ ಹಿಮ ಕರಗಿ ಎರಡು ಹನಿ ನೀರಾಗಿ ಹೋಗಿರುತ್ತದೆ. ಅಪರಾಧಿಯು ಸಾಕ್ಷ್ಯವನ್ನು ಅಳಿಸಿಯೇ ಪರಾರಿ. ಇಳಿಜಾರಿನಲ್ಲಿಯೇ ಹೀಗಾಗುವುದಕ್ಕೂ ಅರ್ಥವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಒಳಗಿನ ತಟ್ಟೆ ಮುಚ್ಚಿಕೊಂಡು, ಉಳಿದ ಸಂದಿಯನ್ನು ತುಸುವೇ ಹಿಮ ಸಾಕು ಮುಚ್ಚಲು. ಮಂಜಿನಲ್ಲಿ, ಘಾಟಿಯ ತಿರುವಿನಲ್ಲಿ, ಹಿಂದೊಂದು ಲಾರಿ ಇಳಿಯುತ್ತಿರುವಾಗ ಇಂಜಿನ್ನು ನಿಲ್ಲುವುದೆಂದರೆ ಜೀವಕ್ಕೆ ಕುತ್ತು.

ನಮ್ಮ ಮೆಕ್ಯಾನಿಕರ ಪರೀಕ್ಷೆ ಸರಳವಾದುದು. ಕಾರನ್ನು ಮಳೆಯಲ್ಲಿ ಓಡಿಸಿ, ತೊಡಕು ಕಂಡ ತಕ್ಷಣ ಬಾನೆಟ್ಟು ಎತ್ತಿ ಕಾರ್ಬ್ಯುರೇಟರನ್ನು ಕೈಯಿಂದ ಮುಟ್ಟುವರು. ಕುದಿಯುವ ಇಂಜಿನ್ನಿನ ಪಕ್ಕದಲ್ಲಿಯೇ ಅದು ಮಂಜುಗಡ್ಡೆಯಂತೆ ಕೊರೆಯುತ್ತ, ಬೆವರುತ್ತ ಕುಳಿತಿರುತ್ತಿತ್ತು. ಆಮೇಲೆ ಎಣ್ಣೆ ಡಬ್ಬಿಯ ತಗಡನ್ನು ಬಗ್ಗಿಸಿ ಮ್ಯಾನಿಫೋಲ್ಡಿನ ಮೇಲೆ ಕವಚವಾಗಿ ಹೊದಿಸಿ, ಅಲ್ಲಿಂದ ಏರ್ ಫಿಲ್ಟರಿನ ಮೂತಿಗೆ ಕೊಳವೆ ಕೂಡಿಸುವರು. ಅವರ ನಿಜವಾದ ಜಾಣ್ಮೆ ಕೊಳವೆಯಲ್ಲಿರಲಿಲ್ಲ. ನಡುವೆ ಸೈಕಲ್ ಕಡ್ಡಿಯ ಮೇಲೆ ತಿರುಗುವ ತಗಡಿನ ಬಿಲ್ಲೆಯಲ್ಲಿತ್ತು. ಅದನ್ನು ಒಂದು ಕಡೆಗೆ ತಿರುಗಿಸಿದರೆ ಬಿಸಿಗಾಳಿ, ಇನ್ನೊಂದು ಕಡೆಗೆ ಹೊರಗಾಳಿ. ಮುಂಗಾರು ಹಿಡಿದಾಗ ಒಮ್ಮೆ, ದೀಪಾವಳಿಗೆ ಒಮ್ಮೆ ತಿರುಗಿಸಲು ಹೇಳುವರು.

ಆ ಬಿಲ್ಲೆ ಏಕೆ ಬೇಕೆಂಬುದಕ್ಕೆ ಲೆಕ್ಕವಿದೆ. ಸುಮಾರು ೧೦೦೦ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಗಾಳಿಯು ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲು ತೆಳು. ಆ ಗಾಳಿಯನ್ನು ೨೫ ಡಿಗ್ರಿಯಿಂದ ೫೫ಕ್ಕೆ ಕಾಯಿಸಿದರೆ ಇನ್ನೂ ಶೇಕಡ ೯ರಷ್ಟು ತೆಳುವಾಗುತ್ತದೆ. ಏಪ್ರಿಲಿನಲ್ಲಿ ಬಾಬಾಬುಡನ್‌ಗಿರಿಯ ಏರಿನಲ್ಲಿ ಈ ನಷ್ಟವನ್ನು ಯಾವ ಕಾರು ಸಹಿಸೀತು? ಇಂಜಿನ್ನು ಕುಟ್ಟತೊಡಗುವುದು, ಪೆಟ್ರೋಲು ಪೈಪಿನಲ್ಲಿಯೇ ಆವಿಯಾಗಿ ನಿಲ್ಲುವುದು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ಕಾಯುವುದು. ಬೇಸಿಗೆಯ ಈ ಸಂಕಟ ಎಲ್ಲರ ಕಣ್ಣಿಗೂ ಬಿದ್ದುದರಿಂದ ಕೊಳವೆಗೆ ಕೆಟ್ಟ ಹೆಸರು ಬಂತು. ಮಳೆಗಾಲದಲ್ಲಿ ಅದು ಮಾಡುತ್ತಿದ್ದ ಉಪಕಾರ ಮಾತ್ರ ಯಾರಿಗೂ ಕಾಣಲಿಲ್ಲ.

೧೯೮೩ರಲ್ಲಿ ಬಂದ ಮಾರುತಿ ೮೦೦ರಲ್ಲಿ ಕಂಪನಿಯೇ ಇಂಥ ಏರ್ಪಾಡನ್ನು ಕೊಟ್ಟಿತ್ತು. ಏರ್ ಫಿಲ್ಟರಿನ ಬಳಿ ಬೇಸಿಗೆ, ಚಳಿಗಾಲ ಎಂಬ ಎರಡು ಸ್ಥಾನಗಳಿದ್ದುವು. ‘ಮಳೆಗಾಲ’ ಎಂದು ಬರೆದಿದ್ದರೆ ನಮ್ಮವರಿಗೆ ಉಪಯೋಗವಾಗುತ್ತಿತ್ತೇನೋ! ಚಳಿಗಾಲವೆಂಬ ಹೆಸರನ್ನು ನಂಬಿ, ಮಳೆಯಲ್ಲೆಲ್ಲ ಬೇಸಿಗೆಯ ಸ್ಥಾನದಲ್ಲಿಯೇ ಓಡಿಸಿದವರನ್ನು ಬಲ್ಲೆ.

೨೦೦೦ದಲ್ಲಿ ದೇಶದಾದ್ಯಂತ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಕ್ರಮೇಣ ಮಾಯವಾಯಿತು. ಈಗಿನ ಇಂಜಿನ್ನುಗಳಲ್ಲಿ ಪೆಟ್ರೋಲನ್ನು ಚಿಮ್ಮಿಸುವುದು ಕವಾಟದ ಬಳಿಯ ಬಿಸಿ ಜಾಗದಲ್ಲಿ ಅಥವಾ ಸಿಲಿಂಡರಿನೊಳಗೆ; ಕೆಲವದರಲ್ಲಿ ಗಾಳಿಯ ಬಾಗಿಲನ್ನೇ ಬಿಸಿನೀರಿನಿಂದ ಬೆಚ್ಚಗಿಡುತ್ತಾರೆ.

ಹಾಗಾದರೆ ಇದು ಮುಗಿದ ಕಥೆಯೇ? ಹಾಗೆನ್ನಲಾಗದು. ಕಳಸದ ಕಡೆಯ ಶಿಷ್ಯನೊಬ್ಬ ಅಜ್ಜನ ಜೀಪನ್ನು ರಿಪೇರಿ ಮಾಡಿಸುತ್ತಿದ್ದಾನೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲೇ ಈಗ ಬಂಕುಗಳಲ್ಲಿ ಸಾಮಾನ್ಯ. ತೂಕಕ್ಕೆ ತೂಕ ನೋಡಿದರೆ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಶಾಖವನ್ನು ಹೀರುತ್ತದೆ. ಕಾರ್ಬ್ಯುರೇಟರಿನ ಕಂಠ ಮೊದಲಿಗಿಂತ ಹೆಚ್ಚು ತಣ್ಣಗಾಗುತ್ತದೆ. ಹಳೆಯ ರಬ್ಬರಿನ ಪೈಪುಗಳೂ ಅದಕ್ಕೆ ತಾಳುವುದಿಲ್ಲ. ಬಿಸಿ ಮ್ಯಾನಿಫೋಲ್ಡಿನ ಸಮೀಪ ಪೆಟ್ರೋಲು ಜಿನುಗುವುದು ಬೆಂಕಿಗೆ ಆಹ್ವಾನವಾದ್ದರಿಂದ ಅವುಗಳನ್ನು ಮೊದಲು ಬದಲಿಸಬೇಕು. ಹಳೆಯ ಮೆಕ್ಯಾನಿಕರು ಕವಚಕ್ಕೆ ಸುತ್ತುತ್ತಿದ್ದ ಆಸ್ಬೆಸ್ಟಾಸ್ ಹಗ್ಗವನ್ನು, ಅದು ಕ್ಯಾನ್ಸರ್‌ಕಾರಕವಾದ್ದರಿಂದ, ಬಳಸಕೂಡದು. ಮ್ಯಾನಿಫೋಲ್ಡಿನ ಪುಟ್ಟ ಬಾಗಿಲನ್ನು ಮಾತ್ರ ತುಕ್ಕು ಬಿಡಿಸಿ, ಸ್ಪ್ರಿಂಗು ಹೊಸದು ಹಾಕಿ, ಮೃಗಶಿರಾ ಮಳೆಗೆ ಮೊದಲೇ ಆಡುವಂತೆ ಮಾಡಿಸು ಎಂದು ಅವನಿಗೆ ಬರೆದಿದ್ದೇನೆ.