ಬೂರುಗದ ಹಾಸಿಗೆ ಅಟ್ಟ ಹತ್ತಿದ ಕತೆ

ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಪಾಪುಗೆ ಹಾಸಿಗೆ ತರುವ ಕೆಲಸ ಸೋದರಮಾವನ ತಲೆಗೆ ಬಿತ್ತು. ಅಂಗಡಿಗೆ ಹೋಗಿ ತೆಂಗಿನ ನಾರಿನ ಗಟ್ಟಿ ಹಾಸಿಗೆಯೊಂದನ್ನು ಆರಿಸಿ ತಂದೆ. ಅಮ್ಮ ಅಂಗೈಯಿಂದ ಒತ್ತಿ ನೋಡಿ, "ಇದೇನೋ ಹಲಗೆ ಥರ ಇದೆ! ಹೂವಿನಂಥ ಮಗೂನ ಇದರ ಮೇಲೆ ಮಲಗಿಸ್ತಾರೇನೋ?" ಅಂದಳು. ಆಮೇಲೆ ಅಕ್ಕ ಹುಟ್ಟಿದಾಗ ಹೊಲಿಸಿದ್ದ ಬೂರುಗದ ಅರಳೆಯ ಹಾಸಿಗೆಯನ್ನು ಹೊರಗೆ ತೆಗೆದಳು. ಎರಡು ಸಲ ಅರಳೆ ಹಿಂಜಿಸಿ, ಹೊಸ ಬಟ್ಟೆ ಹಾಕಿಸಿದ್ದು. ನಾನೂ ಅದರ ಮೇಲೇ ಬೆಳೆದದ್ದು. ಬಾಳಿಕೆ ವಿಷಯದಲ್ಲಿ ಅಮ್ಮನ ಹತ್ತಿರ ವಾದ ಮಾಡೋ ಹಾಗಿಲ್ಲ :-)

ಆದರೆ ಈ ಮೆತ್ತಗೆ-ಗಟ್ಟಿ ಜಗಳದ ಹಿಂದೆ ಒಂದು ಚರಿತ್ರೆ ಇದೆ. ಬಾಣಂತಿ ಇರೋ ಮನೆಯಲ್ಲಿ ಅದನ್ನೆಲ್ಲ ಹೇಳೋಕೆ ಬಾಯಿ ಬರಲಿಲ್ಲ. ಇಲ್ಲಿ ಬರೀತಿದೀನಿ.

ಅಮೆರಿಕದ ಡಾಕ್ಟರ್ ಬೆಂಜಮಿನ್ ಸ್ಪಾಕ್ ಶಿಶುಪಾಲನೆಯ ಬಗ್ಗೆ ಬರೆದ ಪುಸ್ತಕ 1946ರಲ್ಲಿ ಬಂತು. ಅಲ್ಲಿನ ಅಮ್ಮಂದಿರಿಗೆ ಅದು ವೇದವಾಕ್ಯ. 1950ರ ದಶಕದ ಆವೃತ್ತಿಯಲ್ಲಿ ಅವರು ಮಗುವನ್ನು ಬೋರಲು ಮಲಗಿಸುವುದೇ ಒಳ್ಳೆಯದು ಅಂತ ಬರೆದರು. ಅಂಗಾತ ಮಲಗಿ ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತು ಅನ್ನೋದು ಕಾರಣ. ಕೇಳೋಕೆ ಎಷ್ಟು ಸರಿ ಅನ್ಸತ್ತೆ ಅಲ್ವಾ? ನಾನಾಗಿದ್ದರೂ ಒಪ್ಪಿಬಿಡ್ತಿದ್ದೆ. ಆದರೆ ಬೋರಲು ಮಲಗಿದ ಕೂಸಿನ ಮುಖ ಮೆತ್ತನೆ ಹಾಸಿಗೆಯಲ್ಲಿ ಹೂತರೆ, ಅದು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೆ. ತಲೆ ಹೊರಳಿಸುವ ಶಕ್ತಿ ಅದಕ್ಕಿನ್ನೂ ಬಂದಿರಲ್ಲ.

ರಾತ್ರಿ ಚೆನ್ನಾಗೇ ಮಲಗಿದ ಮಕ್ಕಳು ಬೆಳಗ್ಗೆ ಏಳುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ತೊಟ್ಟಿಲ ಸಾವು ಅಂತಲೇ ಹೆಸರು. 1991ರ ಕೊನೆಗೆ ಅಲ್ಲಿನ ಸರ್ಕಾರ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ಪ್ರಚಾರ ಶುರು ಮಾಡಿತು. ಸ್ವಲ್ಪೇ ಕಾಲದಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. 1970ರ ಹೊತ್ತಿಗೇ ಸಾಕಷ್ಟು ಪುರಾವೆ ಇತ್ತಂತೆ. ಆಗಲೇ ಅದನ್ನು ಕೂಡಿಸಿ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಕೂಸುಗಳು ಉಳಿಯುತ್ತಿದ್ದವು. ಇದನ್ನು ಓದಿದ ರಾತ್ರಿ ಎರಡು ಸಲ ಎದ್ದು ಹೋಗಿ ಪಾಪುವಿನ ಉಸಿರು ನೋಡಿ ಬಂದೆ.

ಇನ್ನೊಂದು ಕತೆ ಕೇಳಿ. 1989ರಲ್ಲಿ ಬ್ಯಾರಿ ರಿಚರ್ಡ್‌ಸನ್ ಅನ್ನೋರು ಹಾಸಿಗೆಯಲ್ಲೇ ವಿಷ ಇದೆ ಅಂದರು. ಬೇಗ ಬೆಂಕಿ ಹತ್ತದಿರಲಿ ಅಂತ ಪಿವಿಸಿ ಹೊದಿಕೆಗೆ ಸೇರಿಸುವ ಆಂಟಿಮನಿಯನ್ನು ಒಂದು ಬೂಷ್ಟು ತಿಂದು ವಿಷಾನಿಲ ಬಿಡುತ್ತೆ ಅನ್ನೋದು ಅವರ ವಾದ. 1994ರಲ್ಲಿ ಇದು ಟೀವಿಯಲ್ಲಿ ಬಂದಿದ್ದೇ ತಡ, ಅಪ್ಪ-ಅಮ್ಮಂದಿರಲ್ಲಿ ಗಾಬರಿಯೋ ಗಾಬರಿ. ಸಾವು ಇಳಿದಿದ್ದು ಅದಕ್ಕೂ ಮುಂಚೆ, ಮಲಗಿಸುವ ರೀತಿ ಬದಲಾದಾಗ ಅನ್ನೋದು ಯಾರಿಗೂ ನೆನಪಾದ ಹಾಗಿಲ್ಲ. ಲೇಡಿ ಲಿಮೆರಿಕ್ ಅಧ್ಯಕ್ಷತೆಯ ಸಮಿತಿ ವರ್ಷಗಟ್ಟಲೆ ಪರೀಕ್ಷೆ ಮಾಡಿ, ಈ ವಾದಕ್ಕೆ ಆಧಾರವಿಲ್ಲ ಅಂತ 1998ರಲ್ಲಿ ವರದಿ ಕೊಟ್ಟಿತು. ನಮ್ಮ ಆಫೀಸಿನಲ್ಲೂ ಹೀಗೇ. ಬಗ್ ಬಂತು ಅಂದ್ರೆ ಮೊದಲು ಹೊಸ ಲೈಬ್ರರಿ ಮೇಲೆ ಗೂಬೆ ಕೂರಿಸ್ತೀವಿ, ತಪ್ಪು ನಮ್ಮದೇ ಹಳೇ ಕೋಡಿನಲ್ಲಿರುತ್ತೆ.

ಹಳೇ ಹಾಸಿಗೆ ಮಾತೂ ಬಂತಲ್ಲ. 2002ರಲ್ಲಿ ಸ್ಕಾಟ್ಲೆಂಡಿನ ಒಂದು ಅಧ್ಯಯನ, ಬಳಸಿದ ಹಾಸಿಗೆಗೂ (ಅದರಲ್ಲೂ ಬೇರೆ ಮನೆಯಿಂದ ತಂದದ್ದಕ್ಕೆ) ಈ ಸಾವಿಗೂ ನಂಟು ಕಂಡಿತು. ಅದೇ ಕಾರಣ ಅಂತ ಅವರೂ ಹೇಳಲಿಲ್ಲ. ನನಗೆ ಅಷ್ಟು ಅನುಮಾನವೇ ಸಾಕಾಯ್ತು.

ಕೊನೆಗೆ ಗಟ್ಟಿ ಹಾಸಿಗೆಯೇ ಹಾಕಿದ್ದಾಯ್ತು. ಮಂಚದ ಅಂಚಿಗೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇಲ್ಲ, ದಿಂಬಿಲ್ಲ, ಮಗು ಅಂಗಾತ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಬೂರುಗದ ಹಾಸಿಗೆ ಅಟ್ಟ ಹತ್ತಿದೆ. ನಿನ್ನೆ ಸಂಜೆ ನೋಡಿದರೆ ಅಮ್ಮ ಅದಕ್ಕೆ ಹೊಸ ಗವುಸು ಹೊಲೀತಾ ಕೂತಿದ್ದಳು. "ಅವನು ಓಡಾಡೋ ಹಾಗಾಗಲಿ, ಆಮೇಲೆ ನೋಡ್ಕೋತೀನಿ" ಅಂದಳು.